ಕಚ್ಚುವ ಚಪ್ಪಲಿ

ಎಡಗಾಲಿನ ಬೂಟು ಏನು ಮಾಡಿದರೂ ಹಿಮ್ಮಡಿ ದಾಟಿ ಏರಲಿಲ್ಲ. ಅಂಗಡಿ ಯಜಮಾನರು ಮಂಡಿಯೂರಿ ಹೆಣಗುತ್ತಿದ್ದರು. ತಮ್ಮ ಜೋಡಿನ ಅಂಗಡಿಯಲ್ಲಿ ಕೂತು ಊರವರ ಕಾಲಿಗೆಲ್ಲ ಬೂಟು, ಚಪ್ಪಲಿ ತೊಡಿಸಿದ ಮನುಷ್ಯನಿಗೆ ಕೊನೆಯದಾಗಿ ಒಂದು ಹೊಸ ಜೊತೆ ತಾವೇ ತೊಡಿಸಬೇಕೆಂದು ಅವರ ಆಸೆ. ಆದರೆ ಸತ್ತವನ ಪಾದ ಬಾತುಕೊಂಡಿತ್ತು.

"ಹಿಂದುಗಡೆ ಒಂಚೂರು ಸೀಳಿಬಿಡೋಣಮ್ಮ. ಮುಂದಿನಿಂದ ನೋಡೋರಿಗೆ ಗೊತ್ತೇ ಆಗಲ್ಲ."

ಸತ್ತವನ ಹೆಂಡತಿ ತಲೆಯಾಡಿಸಿದಳು. "ಬೇಡಿ. ಇವರಿಗೆ ಅಂಥದ್ದೆಲ್ಲ ಆಗಿಬರಲ್ಲ. ಬರೀ ಕಾಲುಚೀಲ ಸಾಕು."

ಯಜಮಾನರಿಗೆ ನಗುವೂ ಅಳುವೂ ಒಟ್ಟಿಗೇ ಬಂತು. "ಎಷ್ಟು ಸಲ ಕೆಲಸದಿಂದ ತೆಗೆದಿದ್ದೀನಿ ಗೊತ್ತಾ? ಇದು ನಿಮಗೆ ಕಚ್ಚುತ್ತೆ, ತಗೋಬೇಡಿ ಅಂತ ಗಿರಾಕೀನ ಬರಿಗೈಲಿ ಕಳಿಸೋನು. ಆಮೇಲೆ ಅದೇ ಗಿರಾಕಿ ಬಂದು, ಅವರಿದ್ರೆ ಮಾತ್ರ ತಗೋತೀನಿ ಅನ್ನೋರು. ನಾನೇ ಇಲ್ಲಿಗೆ ಬಂದು ಕೈ ಹಿಡಿದು ಕರ್ಕೊಂಡು ಹೋಗ್ಬೇಕಾಗ್ತಿತ್ತು."

ಪಾದ್ರಿಗಳು ಹತ್ತಿರ ಬಂದು ದನಿ ತಗ್ಗಿಸಿದರು. "ಸಮಾಧಿ ಹತ್ರ ನಾಲ್ಕು ಮಾತು ಹೇಳ್ಬೇಕಮ್ಮ. ಸತ್ಯವಂತರು ಅನ್ನೋದು ಎಲ್ಲರಿಗೂ ಗೊತ್ತು. ಹೆಂಡತಿಯನ್ನ ತುಂಬಾ ಪ್ರೀತಿಸ್ತಿದ್ರು ಅಂತಲೂ ಸೇರಿಸ್ತೀನಿ. ಆಗಬಹುದಲ್ವಾ?"

ಬೇರೆ ಯಾರಾದರೂ ಹೂಂ ಅಂದುಬಿಡುತ್ತಿದ್ದರು. ಅವಳು ಗಂಡನ ಮುಖ ನೋಡಿದಳು.

"ಅದು ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಇವರ ಪೆಟ್ಟಿಗೆ ಮುಂದೆ ಹೇಳ್ಬೇಡಿ."

*

ಅವನು ಮೊದಲು ಮದುವೆಗೆ ಕೇಳಿದ್ದು ಅವಳ ಅಕ್ಕನನ್ನು. ಅಕ್ಕ ನಕ್ಕು ಒಲ್ಲೆ ಎಂದಳು. ಮಾರನೆಯ ವರ್ಷ ತಂಗಿಯನ್ನು ಕೇಳಿದ. ತಂಗಿ ಒಪ್ಪಿದಳು.

ಹರೆಯದಲ್ಲಿ ಅವನು ಬಾಯಿ ತೆರೆದರೆ ಸುಳ್ಳು ಹೇಳುತ್ತಿದ್ದನಂತೆ. "ನನ್ನ ಸುಳ್ಳುಗಳಿಗೂ ಸೇರಿಸಿಯೇ ಯೇಸುಸ್ವಾಮಿ ಪ್ರಾಣ ಕೊಟ್ಟಿದ್ದು. ಮತ್ತೆ ಅದನ್ನೇ ಹೇಳಿದ್ರೆ ಅವರ ಮುಖ ಹೇಗೆ ನೋಡ್ಲಿ?" ಎನ್ನುತ್ತಿದ್ದ. ಅಡುಗೆ ಹೇಗಿದೆ ಎಂದು ಕೇಳಿದರೆ ಉಪ್ಪು ಜಾಸ್ತಿ ಎಂದೇ ಹೇಳಿ, ತಟ್ಟೆ ಖಾಲಿ ಮಾಡಿ ಏಳುತ್ತಿದ್ದ. ಉತ್ತರ ತಡೆದುಕೊಳ್ಳಲು ಆಗದಿದ್ದರೆ ಪ್ರಶ್ನೆಯನ್ನೇ ಕೇಳಬಾರದು ಎಂಬುದನ್ನು ಅವಳು ಬೇಗ ಕಲಿತಳು.

ಒಂದು ಸಂಜೆ ಮಾತ್ರ ಅದು ತುದಿನಾಲಿಗೆಯವರೆಗೆ ಬಂದಿತ್ತು. ನಿಮಗೆ ಈಗಲೂ ಅಕ್ಕನೇ ಬೇಕಿತ್ತೇ? ಅವನು ಓದುತ್ತಿದ್ದ ಬೈಬಲನ್ನು ಮಡಚಿ "ಏನೋ ಕೇಳೋಕೆ ಬಂದೆಯಲ್ಲ?" ಎಂದ.

"ಕಿಟಕಿ ಹಾಕ್ಲಾ ಅಂತ," ಎಂದಳು. ಆ ಮನೆಯಲ್ಲಿ ಸುಳ್ಳು ಹೇಳುತ್ತಿದ್ದವಳು ಅವಳೊಬ್ಬಳೇ.

*

"ಗೊತ್ತಿಲ್ವಂತೆ!" ಮೂಲೆಯ ಕುರ್ಚಿಯಲ್ಲಿ, ಚಪ್ಪಲಿ ಕಳಚಿ ಹಿಮ್ಮಡಿ ತಿಕ್ಕಿಕೊಳ್ಳುತ್ತಿದ್ದ ಅಕ್ಕ ಸಿಡುಕಿದಳು. "ನನ್ನ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದನಲ್ಲ ಆ ಮಹಾನುಭಾವ. ನಿನಗೆ ಹೇಳ್ಲೇ ಇಲ್ವಾ?"

ತಂಗಿ ಥಟ್ಟನೆ ಅವಳತ್ತ ತಿರುಗಿದಳು. "ಏನು ಹೇಳಿದ್ರು?"

"ಈ ಹಾಳು ಚಪ್ಪಲಿ ತಗೊಂಡ ದಿನ. ಕಾಲ ಹತ್ರ ಕೂತು ಪಟ್ಟಿ ಬಿಗೀತಿದ್ದ. 'ಅವತ್ತು ನಾನು ಒಪ್ಪಿದ್ದಿದ್ರೆ ನಿನ್ನ ಬಾಳು ಇನ್ನೂ ಚೆನ್ನಾಗಿರ್ತಿತ್ತಲ್ವಾ' ಅಂತ ತಮಾಷೆಗೆ ಕೇಳ್ದೆ."

"ಅಕ್ಕಾ..."

"ಸುಮ್ನೆ ಕೇಳೇ. 'ಮದುವೆಯಾದ ಹೊಸತರಲ್ಲಿ ನೀವು ನೆನಪಿಗೆ ಬರ್ತಿದ್ರಿ' ಅಂದ. ನಾನು ಉಬ್ಬಿಹೋದೆ. 'ಈಗ ಇಲ್ಲ. ನೀವು ಒಲ್ಲೆ ಅಂದಿದ್ದಕ್ಕೆ ದಿನಾ ಬೆಳಿಗ್ಗೆ ದೇವರಿಗೆ ಸ್ತೋತ್ರ ಹೇಳ್ತೀನಿ. ನನಗೆ ಅವಳೇ ಬೇಕು' ಅಂದುಬಿಟ್ಟ. ಸಾಲದು ಅಂತ, ಈ ಚಪ್ಪಲಿ ನಿಮಗೆ ಕಚ್ಚುತ್ತೆ ಅಂತ ಬೇರೆ! ಹಟಕ್ಕೆ ತಗೊಂಡೆ."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳ್ಕೊಂಡು ತಿರುಗೋ ಮರ್ಯಾದೆಯಾ ಅದು?"

ಇನ್ನೊಬ್ಬರ ಗಂಡ ಹೇಳಿದ್ದರೆ ಬಾಯುಪಚಾರದ ಮಾತಾಗುತ್ತಿತ್ತು. ಅಕ್ಕನ ನೆನಪು ಬರುತ್ತಿತ್ತು ಎಂಬುದನ್ನೂ ಮುಚ್ಚಿಡದ ಬಾಯಿ ಅದು. ಉಳಿದದ್ದನ್ನು ನಂಬಲು ಅವಳಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಸಾವಿನ ಸುದ್ದಿ ಬಂದಾಗಿನಿಂದ ಅಳದೇ ಇದ್ದವಳು ಪೆಟ್ಟಿಗೆಯ ಅಂಚು ಹಿಡಿದು ಬಿಕ್ಕಿ ಬಿಕ್ಕಿ ಅತ್ತಳು. ಎಷ್ಟೋ ವರ್ಷದ ಅಂಜಿಕೆ ಆ ಅಳುವಿನಲ್ಲಿ ಹರಿದುಹೋಯಿತು. ಆಮೇಲೆ ಮೂಗೊರೆಸಿಕೊಂಡು ಪಾದ್ರಿಗಳ ಕಡೆ ತಿರುಗಿದಳು.

"ಹೇಳಿ, ಧಾರಾಳವಾಗಿ ಹೇಳಿ. ಆದರೆ ಹೊಸತರಲ್ಲಿ ಅಲ್ಲ, ಆಮೇಲಾಮೇಲೆ ಅಂತ ಸೇರಿಸಿ."

ಪಾದ್ರಿಗಳು ನಗು ತಡೆಯಲು ಕೆಮ್ಮಿದರು. ಯಜಮಾನರು ತಡೆಯಲು ಹೋಗಲೇ ಇಲ್ಲ.

ಪೆಟ್ಟಿಗೆ ಎತ್ತಿದರು. ಬಾಗಿಲಲ್ಲಿ ಅಕ್ಕ ಗೋಡೆ ಹಿಡಿದು ಕಾಲನ್ನು ಚಪ್ಪಲಿಗೆ ತುರುಕುತ್ತ ಹಲ್ಲು ಕಚ್ಚಿದಳು. ತಂಗಿ ಬಗ್ಗಿ, ಹೊಸ್ತಿಲ ಪಕ್ಕ ಇದ್ದ ಗಂಡನ ಸವೆದ ಚಪ್ಪಲಿಗಳನ್ನು ಅವಳ ಮುಂದಕ್ಕೆ ಸರಿಸಿದಳು.

"ಇದನ್ನ ಹಾಕ್ಕೋ. ಕಚ್ಚಲ್ಲ."

ಅಕ್ಕ ಮುಖ ಗಂಟು ಹಾಕಿಕೊಂಡೇ ಕಾಲು ತೂರಿಸಿದಳು. ಬೀದಿಯಲ್ಲಿ ಪೆಟ್ಟಿಗೆ ಮುಂದೆ ಸಾಗಿತು. ಹಿಂದಿನಿಂದ ಆ ದೊಡ್ಡ ಚಪ್ಪಲಿಗಳ ಪಟ, ಪಟ ಸದ್ದು ಬರತೊಡಗಿತು. ದಿನಾ ಸಂಜೆ ಮೆಟ್ಟಿಲೇರಿ ಬರುತ್ತಿದ್ದ ಸದ್ದು. ಅಕ್ಕನ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದಿದ್ದ ತಂಗಿ, ಆ ಸದ್ದು ಹಿಂದೆ ಬೀಳದಂತೆ ತನ್ನ ಹೆಜ್ಜೆಯನ್ನು ನಿಧಾನ ಮಾಡಿಕೊಂಡಳು.