ಬೀಳುವ ಮೇಷ್ಟ್ರು

ಕೀಲಿಗೊಂಚಲಿನಲ್ಲಿ ಮಹಡಿಯ ಕೋಣೆಯದು ಯಾವುದೆಂದು ತಿಳಿಯದೆ ಅವಳು ಒಂದೊಂದನ್ನೇ ಬೀಗಕ್ಕೆ ತೂರಿಸಿ ನೋಡುತ್ತಿದ್ದಳು. ಹಿಂದೆ ಮೆಟ್ಟಿಲುಗಳ ಮೇಲೆ ಅವಳ ಗಂಡನ ಶಿಷ್ಯರು ಗೋಡೆ ಹಿಡಿದು ಕಾಯುತ್ತಿದ್ದರು. ಎಲ್ಲರದೂ ನೆರೆತ ತಲೆ. ಎಲ್ಲರ ಕಾಲಲ್ಲೂ ಕ್ಯಾನ್ವಾಸ್ ಶೂ. ನಿನ್ನೆ ಅವನನ್ನು ಮಣ್ಣು ಮಾಡುವಾಗ ಇದೇ ಜನ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಗುರುತು ಸಿಗದಂತೆ ನಿಂತಿದ್ದರು. ಇವತ್ತು ಬಂದದ್ದು ತಮ್ಮ ತಮ್ಮ ಹಾಸಿಗೆ ತೆಗೆದುಕೊಂಡು ಹೋಗುವುದಕ್ಕಷ್ಟೇ. ಆದರೂ ಶೂ ಕಟ್ಟಿಕೊಂಡೇ ಬಂದಿದ್ದರು.

“ಹಿತ್ತಾಳೇದು ಹಾಕಮ್ಮ,” ಎಂದರು ನಿವೃತ್ತ ಪೋಸ್ಟ್‌ಮ್ಯಾನ್. “ಹಾಕಿ ಬಾಗಿಲನ್ನ ಸ್ವಲ್ಪ ಎತ್ತಬೇಕು. ಅದಕ್ಕೂ ಮಂಡಿನೋವು ಅಂತಿದ್ರು ಮೇಷ್ಟ್ರು.”

ಬಾಗಿಲು ತೆರೆಯಿತು. ಕೆಳಗಿನ ಟೈರ್ ಅಂಗಡಿಯ ರಬ್ಬರ್ ವಾಸನೆ ಒಳಗೂ ತುಂಬಿತ್ತು. ಒಂದು ಕಾಲದಲ್ಲಿ ಟಿಕೆಟ್ ಇಟ್ಟು ನಡೆಸುವ ಕುಸ್ತಿಗಳಲ್ಲಿ ರಿಂಗಿಗೆ ಇಳಿಯುತ್ತಿದ್ದ ಅವಳ ಗಂಡ, ಈ ಕೋಣೆಯಲ್ಲಿ ವಯಸ್ಸಾದವರಿಗೆ ಬೀಳುವುದನ್ನು ಕಲಿಸುತ್ತಿದ್ದ. ಮೂಳೆ ಮುರಿಯದಂತೆ ಬೀಳುವುದು, ಬಿದ್ದ ಮೇಲೆ ಯಾರನ್ನೂ ಕೂಗದೆ ಏಳುವುದು. ಕುಸ್ತಿಯ ಚಾಪೆ ಇವರಿಗೆ ಗಡುಸಾಗುತ್ತದೆಂದು ಒಬ್ಬೊಬ್ಬರ ಮನೆಯಿಂದಲೂ ಒಂದೊಂದು ಹಾಸಿಗೆ ಎರವಲು ಕೇಳಿದ್ದ. ತನ್ನದೇ ಹಾಸಿಗೆಯ ಮೇಲೆ ಬೀಳಲು ಯಾರಿಗೂ ಭಯವಿರುವುದಿಲ್ಲ ಎನ್ನುವುದು ಅವನ ವಾದ. ನೆಲದ ತುಂಬ ಅವೇ ಹಾಸಿಗೆಗಳು. ಹೂವಿನದು, ಚೌಕಳಿಯದು, ಯಾವುದೋ ಮೊಮ್ಮಗು ಒದ್ದೆ ಮಾಡಿದ ಕಲೆ ಇರುವುದು.

ಒಬ್ಬರ ಹಾಸಿಗೆಯನ್ನು ಇನ್ನೊಬ್ಬರು ಸುತ್ತಿಕೊಟ್ಟರು. ಟೈರ್ ಅಂಗಡಿಯವನು ತನ್ನ ಕೆಲಸಗಾರರನ್ನು ಕಳಿಸಿ ಕೆಳಗಿಳಿಸಿಕೊಟ್ಟ. ಕೋಣೆ ಖಾಲಿಯಾದಾಗ ಕಿಟಕಿಯ ಬಳಿ ನೀಲಿ ಪಟ್ಟೆಯ ಹಾಸಿಗೆಯೊಂದು ಉಳಿಯಿತು.

ಅದು ಟಿಕೆಟ್ ಅಜ್ಜಿಯದು ಎಂದರು ಪೋಸ್ಟ್‌ಮ್ಯಾನ್. ಅವರದೂ ಅಜ್ಜಿಯದೂ ಒಂದೇ ಬೀದಿ. ನಿನ್ನೆ ಮಣ್ಣಿನಿಂದ ಮನೆಗೆ ಹೋದವರು ಮಂಚ ಹತ್ತಿದ್ದಾರಂತೆ, ಬಚ್ಚಲಿಗೆ ಹೋಗಲಿಕ್ಕೂ ಸೊಸೆಯನ್ನು ಕರೆಯುತ್ತಿದ್ದಾರಂತೆ.

“ಕೂತಲ್ಲೇ ಒಂದೇ ಮಾತಂತೆ, ನಾನೇ ಕೊಂದೆ, ನಾನೇ ಕೊಂದೆ ಅಂತ. ನಾವು ಹೇಳಿದ್ರೆ ಕೇಳಲ್ಲ. ನೀನು ಹೇಳಿದ್ರೆ ಕೇಳಬಹುದೇನೋ, ತಾಯಿ.”

ಅವಳು ಹಾಸಿಗೆಯ ಅಂಚಿನಲ್ಲಿ ಕುಳಿತಳು. ಏನು ಹೇಳಬೇಕೆಂಬುದು ಅವಳಿಗೆ ಗೊತ್ತಿತ್ತು. ಹೇಳಬೇಕೋ ಬೇಡವೋ ಎನ್ನುವುದು ಗೊತ್ತಿರಲಿಲ್ಲ.

*

ನಿನ್ನೆ ಪೆಟ್ಟಿಗೆಗೆ ಹೆಗಲು ಕೊಟ್ಟವರು ಅವನ ಹಳೆಯ ಜೊತೆಗಾರರು. ಮುದ್ದೆಯಾದ ಕಿವಿಗಳ, ತಿರುಗದ ಕತ್ತುಗಳ ದೊಡ್ಡ ದೊಡ್ಡ ಗಂಡಸರು. ಮುಂದಿನ ಎಡ ಮೂಲೆಯಲ್ಲಿ ಗೂಳಿ ಎಂದೇ ಎಲ್ಲರೂ ಕರೆಯುತ್ತಿದ್ದವನು ಇದ್ದ. ರಿಂಗಿನಲ್ಲಿ ಅವಳ ಗಂಡನನ್ನು ತಲೆಯ ಮೇಲೆ ಎತ್ತಿ ಒಗೆಯುವುದೇ ಅವನ ಕೆಲಸವಾಗಿತ್ತು. ಈಗ ಸಿಮೆಂಟ್ ಲಾರಿ ಓಡಿಸುತ್ತಾನೆ.

ಅವರ ಹಿಂದೆ ಕೋಲೂರಿಕೊಂಡು ಶಿಷ್ಯವೃಂದ. ಅವರ ಹಿಂದೆ ನೆಂಟರು. ನೆಂಟರ ಸಾಲಿನಲ್ಲಿ ಅವನ ಚಿಕ್ಕಪ್ಪ ತಗ್ಗಿದ ದನಿಯಲ್ಲಿ, ಆದರೆ ಎಲ್ಲರಿಗೂ ಕೇಳಿಸುವಂತೆ, ದಪ್ಪಗಿದ್ದಾಗ ಕಲ್ಲುಗುಂಡಿನ ಹಾಗಿದ್ದ, ತೆಳ್ಳಗಾಗುತ್ತೀನಿ ಅಂತ ಹೊರಟ, ಹೋಗೇಬಿಟ್ಟ ಎಂದು ಹೇಳುತ್ತಿದ್ದರು. ಹೃದಯ ದಪ್ಪಗಾದದ್ದು ಕುಸ್ತಿಯ ದಿನಗಳಲ್ಲೇ, ನಡಿಗೆ, ವ್ಯಾಯಾಮ ಇಲ್ಲದಿದ್ದರೆ ಇಷ್ಟು ವರ್ಷವೂ ಬರುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಅವನ ಅಕ್ಕ ಮತ್ತೆ ಮತ್ತೆ ವಿವರಿಸಿದರು. ಚಿಕ್ಕಪ್ಪ ಕೇಳಿಸಿಕೊಂಡು, ಇರಬಹುದು, ಆದ್ರೂ ಮೊದಲೇ ಚೆನ್ನಾಗಿದ್ದ ಅಂದರು.

ಸ್ಮಶಾನದ ಗೇಟಿನ ಹತ್ತಿರ ಪೆಟ್ಟಿಗೆ ಇಳಿಸಿ ಹೆಗಲು ಬದಲಿಸುವಾಗ ಗೂಳಿ ಅವಳ ಪಕ್ಕಕ್ಕೆ ಬಂದು ನಿಂತ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

“ಎಷ್ಟು ವರ್ಷ ಎತ್ತಿದೀನಿ ಅತ್ತಿಗೆ ಇವನ್ನ,” ಎಂದ. “ಇಷ್ಟು ಭಾರ ಇದಾನೆ ಅಂತ ಇವತ್ತೇ ಗೊತ್ತಾಗಿದ್ದು.”

ಪೆಟ್ಟಿಗೆಯ ಕಡೆ ತಿರುಗಿ, “ಬಡ್ಡಿಮಗ, ಇವತ್ತು ಜಿಗೀಲಿಲ್ಲ ನೋಡಿ,” ಎಂದು ಮುಖ ಒರೆಸಿಕೊಳ್ಳುತ್ತ ಮತ್ತೆ ತನ್ನ ಮೂಲೆಗೆ ಹೋದ.

ಮನೆಯವರಲ್ಲಿ ಅವಳಿಗೆ ಮಾತ್ರ ಆ ಮಾತು ಅರ್ಥವಾಯಿತು.

*

ಸೋಲುವುದೇ ಅವನ ಕಸುಬಾಗಿತ್ತು. ಯಾರು ಗೆಲ್ಲಬೇಕೆಂದು ಆಟಕ್ಕೆ ಮೊದಲೇ ತೀರ್ಮಾನವಾಗಿರುತ್ತಿತ್ತು. ಹೊಸ ಹುಡುಗ ಯಾರಾದರೂ ಹೆಸರು ಮಾಡಬೇಕಾದರೆ ಅವನ ಎದುರಿಗೆ ಬಿಡುತ್ತಿದ್ದರು. ಎತ್ತುವವನದು ಅರ್ಧ ಕೆಲಸ, ಎತ್ತಿಸಿಕೊಳ್ಳುವವನದು ಉಳಿದರ್ಧ ಎಂದು ಮದುವೆಯಾದ ಹೊಸದರಲ್ಲಿ ಅವನು ಹೇಳಿಕೊಟ್ಟಿದ್ದ. ಸರಿಯಾದ ಕ್ಷಣಕ್ಕೆ ಇವನು ನೆಲ ಒದ್ದು ಜಿಗಿಯಬೇಕು. ನೋಡುವವರಿಗೆ ಅದು ಕಾಣಬಾರದು.

ಕತ್ತಿನ ಮೂಳೆ ಜರುಗಿದ ಮೇಲೆ ಯಾರೂ ಕರೆಯಲಿಲ್ಲ. ಅವಳು ಅವನನ್ನು ಮೊದಲು ನೋಡಿದಾಗ ವಿಶ್ವವಿದ್ಯಾಲಯದ ಗ್ರಂಥಾಲಯದ ಬಾಗಿಲಲ್ಲಿ ಕಾವಲು ಕೂತಿದ್ದ. ಕುರ್ಚಿಯ ಎರಡೂ ಕೈಗಳು ಅವನ ಮೈಗೆ ಸಾಲದೆ ಹೊರಕ್ಕೆ ಬಾಗಿದ್ದವು. ಮೇಲಿನ ಕಿಟಕಿಗಳನ್ನು ಮುಚ್ಚಲು ಸಂಜೆ ಮಹಡಿ ಹತ್ತಿ ಬರುವಾಗ ಅವನ ಏದುಸಿರು ಅವಳು ಓದುತ್ತಿದ್ದ ಮೇಜಿನವರೆಗೂ ಕೇಳುತ್ತಿತ್ತು. ಕೂತವರು ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು. ಅವಳೂ ನಕ್ಕಿದ್ದಳು. ಆಮೇಲೆ ಅವನು ಸಂಜೆಯಲ್ಲದ ಹೊತ್ತಲ್ಲೂ ಹತ್ತಿಳಿಯಲು ಶುರುಮಾಡಿದ. ಯಾರೂ ಹೇಳಿರಲಿಲ್ಲ. ಅವಳ ಪ್ರಬಂಧದ ಅಧ್ಯಾಯಗಳು ಮುಂದುವರಿದಂತೆ ಏದುಸಿರು ತಗ್ಗಿತು, ಅಂಗಿ ಜೋಲತೊಡಗಿತು. ಒಂದು ದಿನ ಸದ್ದೇ ಇಲ್ಲದೆ ಮೇಜಿನ ಎದುರಿಗೆ ಬಂದು ನಿಂತು, ಕಿಟಕಿ ಮುಚ್ಚಬೇಕು ಎಂದಾಗ ಅವಳು ಬೆಚ್ಚಿಬಿದ್ದಿದ್ದಳು.

ಅವರಿಬ್ಬರ ಮದುವೆಯಾದ ಮೇಲೆ ಒಮ್ಮೆ, ಅದೇ ಮೆಟ್ಟಿಲ ಮೇಲೆ ಒಬ್ಬ ಮುದುಕರು ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಮನೆಗೆ ಬಂದು ಅವನು ಊಟ ಮಾಡದೆ ಕೂತಿದ್ದ. ಪಾಪ, ಅವರಿಗೆ ಯಾರೂ ಬೀಳೋದು ಕಲಿಸಿರಲಿಲ್ಲ ಎಂದ. ಟೈರ್ ಅಂಗಡಿಯ ಮೇಲಿನ ಕೋಣೆ ಹುಟ್ಟಿಕೊಂಡದ್ದು ಹಾಗೆ.

ಟಿಕೆಟ್ ಅಜ್ಜಿ ಸಿನಿಮಾ ಮಂದಿರದ ಕಿಂಡಿಯ ಹಿಂದೆ ಟಿಕೆಟ್ ಹರಿದು ಕೊಡುತ್ತ ಜೀವಮಾನ ಕಳೆದವರು. ಬಚ್ಚಲಲ್ಲಿ ಒಮ್ಮೆ ಬಿದ್ದ ಮೇಲೆ ಮನೆಯ ಹೊಸಿಲು ದಾಟುವುದನ್ನೇ ಬಿಟ್ಟಿದ್ದರು. ಸೊಸೆ ಬಲವಂತವಾಗಿ ಕರೆತಂದು ಬಿಟ್ಟಾಗ ಅಜ್ಜಿ ಒಂದು ವಾರ ಗೋಡೆ ಬಿಟ್ಟು ಈಚೆ ಬರಲಿಲ್ಲ. ಬೀಳಲು ಕಲಿತವರು ಕೊನೆಗೆ ಮೇಷ್ಟ್ರನ್ನೇ ಎತ್ತಿ ಹಾಕಬೇಕು ಎನ್ನುವುದು ಅಲ್ಲಿಯ ಪದ್ಧತಿ. ಅಜ್ಜಿ ಅವನ ಕೈಯನ್ನು ಹೆಗಲ ಮೇಲೆ ಎಳೆದುಕೊಂಡು, ಸೊಂಟ ಕೊಟ್ಟು ಬಾಗಿದಾಗ ಅಷ್ಟು ದೊಡ್ಡ ಗಂಡಸು ಅವರ ಬೆನ್ನ ಮೇಲಿಂದ ಹಾದು ದೊಪ್ಪೆಂದು ಬಿದ್ದ. ಮಾರನೆಯ ದಿನ ಅಜ್ಜಿ ಒಬ್ಬರೇ ಬಸ್ಸು ಹತ್ತಿ ತಂಗಿಯ ಮನೆಗೆ ಹೋಗಿ ಬಂದರು. ಕಂಡಕ್ಟರನಿಗೂ ಹೇಳಿದರಂತೆ, ಹುಷಾರಾಗಿರು, ನಾನು ಪೈಲ್ವಾನನ್ನ ಎತ್ತಿ ಹಾಕಿದೋಳು ಅಂತ.

ಅದು ಮೋಸ ಅಲ್ಲವೇ ಎಂದು ಅವಳು ಕೇಳಿದ್ದಳು. ಅವನು ನಕ್ಕಿರಲಿಲ್ಲ.

“ಅವರು ಉಸಿರು ಬಿಡ್ತಾರಲ್ಲ, ಆವಾಗ ನಾನು ಜಿಗೀತೀನಿ. ನನಗೆ ಬರೋದು ಅದೊಂದೇ ಕಣೆ. ಅವರ ಕಿವಿಗೆ ಮಾತ್ರ ಹಾಕಬೇಡ.”

*

ಅವನು ಹೋದ ದಿನ ಬೆಳಿಗ್ಗೆಯೂ ಅಜ್ಜಿಯ ಸರದಿ ಬಂದಿತ್ತು. ಎಂದಿನಂತೆ ಬಿದ್ದ. ಸೋತವನ ಹಾಗೆ ಕಣ್ಣು ಮುಚ್ಚಿ ಮಲಗುವುದು ಅವನ ರೂಢಿ. ಎಲ್ಲರೂ ಚಪ್ಪಾಳೆ ತಟ್ಟುವವರೆಗೆ ಏಳುತ್ತಿರಲಿಲ್ಲ. ಆ ದಿನ ಚಪ್ಪಾಳೆ ನಿಂತ ಮೇಲೂ ಕೊಂಚ ಹೊತ್ತು ಮಲಗಿದ್ದ. ಆಮೇಲೆ ಎದ್ದು, ಅಜ್ಜಿಗೆ ಕೈಮುಗಿದು, ಮನೆಗೆ ಬಂದು ಸ್ನಾನ ಮಾಡಿ ಕೆಲಸಕ್ಕೆ ಹೋದ. ಸಂಜೆ ಬಂದು ಶೂ ಬಿಚ್ಚಲು ಬಗ್ಗಿದವನು ಹಾಗೇ ಉಳಿದ.

ನಿನ್ನೆ ಎಲ್ಲ ಮುಗಿದ ಮೇಲೆ, ಜನ ಗಾಡಿಗಳಿಗೆ ಕಾಯುತ್ತಿದ್ದಾಗ, ಅಜ್ಜಿ ಸೊಸೆಯ ತೋಳು ಬಿಟ್ಟು ಇವಳ ಮಣಿಕಟ್ಟು ಹಿಡಿದರು.

“ನಾನು ಎತ್ತಿ ಹಾಕಿದ್ದಕ್ಕೇ ತಾನೆ?”

ಹೃದಯದ ತೊಂದರೆ ಮೊದಲಿನಿಂದಲೂ ಇತ್ತು ಎಂದಳು ಅವಳು. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು. ಅಜ್ಜಿ ತಲೆಯಾಡಿಸಿದರು.

“ಡಾಕ್ಟ್ರು ಹಾಗೇ ಹೇಳೋದು. ಅವತ್ತು ಜೋರಾಗೇ ಹಾಕಿದೆ ಕಣೇ ಮಗಳೇ. ನನ್ನ ಕೈಗೆ ಗೊತ್ತಾಯ್ತು.”

ಅವಳ ಬಾಯಲ್ಲಿ ಒಂದು ವಾಕ್ಯ ಸಿದ್ಧವಾಗಿತ್ತು. ನೀವು ಎತ್ತಲಿಲ್ಲ, ಅವರೇ ಜಿಗಿದರು. ಅಷ್ಟು ಹೇಳಿದರೆ ಅಜ್ಜಿ ಕೊಂದವರಲ್ಲ. ಎತ್ತಿದವರೂ ಅಲ್ಲ. ಬಸ್ಸು ಹತ್ತಿದವರು, ಕಂಡಕ್ಟರನನ್ನು ಹೆದರಿಸಿದವರು, ಆ ಒಂದು ವಾಕ್ಯಕ್ಕೆ ಮತ್ತೆ ಗೋಡೆ ಹಿಡಿದ ಮುದುಕಿಯಾಗುತ್ತಾರೆ. ಹೇಳದಿದ್ದರೆ ಕೊಲೆ ಮಾಡಿದೆನೆಂದುಕೊಂಡು ಸಾಯುತ್ತಾರೆ. ಇನ್ನೊಂದು ಯೋಚನೆಯೂ ಅವಳ ತಲೆಯಲ್ಲಿತ್ತು. ಅದನ್ನು ಅವಳು ಯಾರ ಮುಂದೆಯೂ ಆಡುವಂತಿರಲಿಲ್ಲ. ಆ ಬೆಳಿಗ್ಗೆ ಅವನ ಹೃದಯಕ್ಕೆ ಭಾರವಾದದ್ದು ಏನಾದರೂ ಇದ್ದರೆ ಅದು ಬಿದ್ದದ್ದಲ್ಲ, ಜಿಗಿದದ್ದು.

ಅವಳು ಬಾಯಿ ತೆರೆಯುವಷ್ಟರಲ್ಲಿ ಗಾಡಿ ಬಂತು. ಸೊಸೆ ಅಜ್ಜಿಯನ್ನು ಎತ್ತಿಕೊಳ್ಳುವಂತೆ ಹಿಡಿದು ಒಳಗೆ ಕೂರಿಸಿದಳು.

*

ಹಾಸಿಗೆ ಸುತ್ತಿದ ಮೇಲೆ ಕಟ್ಟಲು ಹಗ್ಗ ಸಿಗಲಿಲ್ಲ. ಟೈರ್ ಅಂಗಡಿಯವನು ಹಳೆಯ ಟ್ಯೂಬಿನಿಂದ ಒಂದು ಪಟ್ಟಿ ಕತ್ತರಿಸಿಕೊಟ್ಟ. ಹುಡುಗನನ್ನು ಜೊತೆಗೆ ಕಳಿಸುತ್ತೇನೆಂದ. ಬೇಡವೆಂದಳು. ಹೆಗಲ ಮೇಲೆ ಹೊತ್ತು ಬೀದಿಗಿಳಿದಾಗ ಹಾಸಿಗೆ ಮುಂದಕ್ಕೆ ಬಾಗಿ ದಾರಿ ಕಾಣದಂತಾಯಿತು. ಎದುರಿಗೆ ಬಂದವರೇ ಸರಿದುಕೊಂಡರು. ಸಾವಾಗಿ ಇನ್ನೂ ಒಲೆ ಹೊತ್ತಿಸದ ಮನೆಯವಳು ಹಾಸಿಗೆ ಹೊತ್ತು ತಿರುಗುವುದನ್ನು ತರಕಾರಿ ಅಂಗಡಿಯಾಕೆ ತಕ್ಕಡಿ ಹಿಡಿದುಕೊಂಡೇ ನೋಡಿದಳು.

ಸೊಸೆ ಬಾಗಿಲು ತೆರೆದು, ಅಯ್ಯೋ, ಹೇಳಿಕಳಿಸಿದ್ದರೆ ಮಗನನ್ನು ಕಳಿಸುತ್ತಿದ್ದೆವಲ್ಲ ಎಂದಳು. ಆಮೇಲೆ ದನಿ ತಗ್ಗಿಸಿ, ರಾತ್ರಿಯಿಂದ ಕಾಲು ಕೆಳಗಿಟ್ಟಿಲ್ಲ, ಕಾಲಲ್ಲಿ ಬಲವೇ ಇಲ್ಲ ಅಂತಾರೆ ಎಂದಳು.

ಒಳಗೆ ಅಕ್ಕಪಕ್ಕ ಎರಡು ಮಂಚ. ಒಂದರ ಮೇಲೆ ಅಜ್ಜಿ ಗೋಡೆಗೆ ಒರಗಿ ಕೂತಿದ್ದರು. ಇನ್ನೊಂದು, ತೀರಿಹೋದ ಗಂಡನದು, ಬರಿಯ ಹಲಗೆಯಾಗಿತ್ತು. ಅಜ್ಜಿ ಅದರ ಕಡೆಗೆ ಗಲ್ಲ ತೋರಿಸಿ, ಅಲ್ಲಿ ಹಾಕಿಬಿಡು ಎಂದರು. ಅವಳ ಮುಖ ನೋಡಲಿಲ್ಲ.

ಅವಳು ಟ್ಯೂಬಿನ ಪಟ್ಟಿ ಬಿಚ್ಚಿ ಹಾಸಿಗೆಯನ್ನು ನೆಲದ ಮೇಲೆ ಹರವಿದಳು. ಚಪ್ಪಲಿ ಬಾಗಿಲಲ್ಲೇ ಬಿಟ್ಟಿದ್ದಳು. ಹಾಸಿಗೆಯ ಪಕ್ಕ ನಿಂತಳು.

“ಅಜ್ಜಿ, ನನ್ನನ್ನ ಎತ್ತಿ ಹಾಕಿ.”

“ತಲೆ ಕೆಟ್ಟಿದೆಯಾ ನಿನಗೆ?”

“ಅವರನ್ನ ಹಾಕಿದ ಹಾಗೇ ಹಾಕಿ. ಅಷ್ಟೇ ಜೋರಾಗಿ.”

“ನಿನಗೂ ಏನಾದ್ರೂ ಆದ್ರೆ?”

“ಆದ್ರೆ ನೀವು ಹೇಳಿದ್ದೇ ಸರಿ ಅಂತಾಗುತ್ತೆ.”

ಸೊಸೆ ಬೇಡ ಎಂದಳು. ಅಜ್ಜಿ ಬಹಳ ಹೊತ್ತು ಹಾಸಿಗೆಯನ್ನೇ ನೋಡುತ್ತ ಕೂತಿದ್ದರು. ಆಮೇಲೆ ಒಂದು ಕಾಲು ಮಂಚದಿಂದ ಇಳಿಯಿತು. ಬೆರಳುಗಳು ನೆಲವನ್ನು ಮುಟ್ಟಿ ನೋಡಿದವು. ಇನ್ನೊಂದು ಕಾಲೂ ಇಳಿಯಿತು. ಮಂಚದ ಅಂಚು ಹಿಡಿದು ಎದ್ದರು, ಕನ್ನಡಕ ತೆಗೆದು ಸೊಸೆಯ ಕೈಗೆ ಕೊಟ್ಟರು, ಹಾಸಿಗೆಯ ಪಕ್ಕ ನಿಂತಿದ್ದವಳಿಗೆ ಬೆನ್ನು ಮಾಡಿ ನಿಂತು ಅವಳ ಬಲಗೈಯನ್ನು ತಮ್ಮ ಹೆಗಲ ಮೇಲೆ ಎಳೆದುಕೊಂಡರು.

ಅವಳ ಎದೆಗೆ ಅಜ್ಜಿಯ ಬೆನ್ನೆಲುಬು ಒಂದೊಂದಾಗಿ ತಾಗಿತು. ನೋವಿನ ಮುಲಾಮಿನ ವಾಸನೆ. ಈ ಬೆನ್ನು ತುಂಬಿದ ಬಿಂದಿಗೆಯನ್ನೂ ಎತ್ತಲಾರದೆಂದು ಯಾರಿಗಾದರೂ ತಿಳಿಯುವಂತಿತ್ತು. ಅವನು ಪ್ರತಿ ಸಲವೂ ಇಲ್ಲೇ, ಇಷ್ಟು ಹತ್ತಿರದಲ್ಲಿ, ಕಾಯುತ್ತ ನಿಂತಿರುತ್ತಿದ್ದ. ಅಜ್ಜಿ ಉಸಿರು ಎಳೆದುಕೊಂಡರು. ಹಿಡಿದರು. ಬಾಗಿದರು. ಬಿಟ್ಟರು.

ಅವಳು ಜಿಗಿದಳು.

ಅಡ್ಡಾದಿಡ್ಡಿಯಾಗಿ ಬಿದ್ದಳು. ಹಿಂದಲೆ ಹಾಸಿಗೆಗೆ ಬಡಿಯಿತು, ಒಂದು ಹಿಮ್ಮಡಿ ನೆಲಕ್ಕೆ. ಉಸಿರು ಎದೆಯಲ್ಲೇ ನಿಂತಿತು. ತಾರಸಿ, ಫ್ಯಾನು, ಫ್ಯಾನಿನ ರೆಕ್ಕೆಯ ಮೇಲಿನ ಧೂಳು. ಅವನಿಗೂ ಇದೇ ಕಾಣುತ್ತಿತ್ತೇನೋ, ಕಣ್ಣು ಮುಚ್ಚುವ ಮೊದಲು. ಉಸಿರು ಬಿಟ್ಟುಕೊಂಡಾಗ ಅದರ ಜೊತೆ ಒಂದು ಸದ್ದು ಹೊರಬಂತು. ಎರಡು ದಿನದಿಂದ ಎಲ್ಲರೂ ಅವಳಿಂದ ಕೇಳಲು ಕಾದಿದ್ದ ಸದ್ದು ಅದು. ಅದು ನಿಲ್ಲಲು ಹೊತ್ತು ಹಿಡಿಯಿತು. ಸೊಸೆ ಓಡಿ ಬಂದಳು. ಅಜ್ಜಿ ಕೈ ಅಡ್ಡ ಹಿಡಿದು ತಡೆದರು.

“ಬಿಡು. ಅಳಲಿ.”

ಆಮೇಲೆ ಬಗ್ಗಿ ನೋಡಿ ಕೇಳಿದರು, “ನೋವಾಯ್ತಾ?”

ಅವಳು ಇಲ್ಲವೆಂದು ತಲೆಯಾಡಿಸಿದಳು. ಕಣ್ಣೀರು ಕಿವಿಗಳಿಗೆ ಇಳಿಯುತ್ತಿತ್ತು. ಅಜ್ಜಿ ಅವಳ ಕೈ, ಕಾಲು, ಎದೆಯ ಏರಿಳಿತ, ಒಂದೊಂದನ್ನೇ ಪರೀಕ್ಷಿಸುವಂತೆ ನೋಡಿದರು. ಅವರ ಕೆನ್ನೆಗೆ ರಂಗು ಬಂದಿತ್ತು. ಕೊಂಚ ಏದುತ್ತಿದ್ದರು.

“ಗಲ್ಲ ಎದೆಗೆ ಒತ್ತಿಕೋಬೇಕಿತ್ತು,” ಎಂದರು. “ಅಂಗೈ ಮೊದಲು ತಾಗಬೇಕು. ಮೇಷ್ಟ್ರು ನಿನಗೆ ಹೇಳಿಕೊಡಲಿಲ್ವಾ?”

“ನಾನು ಕೇಳಲೇ ಇಲ್ಲ, ಅಜ್ಜಿ.”

ಅಜ್ಜಿ ಸ್ವಲ್ಪ ಸರಿದುಕೋ ಎಂದು ಕಾಲಿನಿಂದಲೇ ಸನ್ನೆ ಮಾಡಿದರು. ಅವಳು ಹಾಸಿಗೆಯ ಒಂದು ಬದಿಗೆ ಸರಿದಳು.

“ನೋಡ್ಕೋ.”

ಅಜ್ಜಿ ಮಂಚದ ಅಂಚಿನಿಂದ ಕೈ ತೆಗೆದರು. ಗಲ್ಲವನ್ನು ಎದೆಗೊತ್ತಿ, ಮಂಡಿ ಸಡಿಲಿಸಿ, ಅವಳ ಪಕ್ಕದಲ್ಲಿ ಬಿದ್ದರು.