ಗೆಂದಾಳಿ ಬೊಂಡ

ಪುತ್ತೂರಿನ ಆ ಆಸ್ಪತ್ರೆಯ ಇಬ್ಬರ ಕೋಣೆಯಲ್ಲಿ, ಆ ವಾರ, ಜಗತ್ತಿನ ಉಳಿದ ಸಂಗತಿಗಳನ್ನೆಲ್ಲ ಬದಿಗೆ ಸರಿಸಿ ಕೂತಿದ್ದ ಪ್ರಶ್ನೆ ಒಂದೇ: ಕೋಡಿಂಬಾಳದ ಬೋಜಪ್ಪ ಗೌಡ ಇಷ್ಟೊಂದು ಮೂತ್ರ ಹೊಯ್ಯುವುದು ನ್ಯಾಯವೇ?

ನ್ಯಾಯವಲ್ಲ ಎಂಬುದು ಪಕ್ಕದ ಮಂಚದ ರೋಗಿಯ ಹೆಂಡತಿ ಚೆನ್ನುವಿನ ಖಚಿತ ಅಭಿಪ್ರಾಯ. ಬೋಜಪ್ಪನ ಮಂಚಕ್ಕೆ ತೂಗಿಸಿದ ಚೀಲ ಮಧ್ಯಾಹ್ನದೊಳಗೆ ದನದ ಕೆಚ್ಚಲಿನ ಹಾಗೆ ಬಿಗಿಯುತ್ತಿತ್ತು. ಅವಳ ಗಂಡ ತ್ಯಾಂಪಣ್ಣ ರೈಯ ಚೀಲದ ತಳದಲ್ಲಿ ಮಾತ್ರ ಕಷಾಯದ ಗಸಿಯಂಥದ್ದು ಒಂದಿಷ್ಟು. ಬೋಜಪ್ಪನ ಹೆಂಡತಿ ಮೋನಕ್ಕ ಚೀಲ ಖಾಲಿ ಮಾಡಿಸುವಾಗಲೆಲ್ಲ, "ಅಯ್ಯೋ, ಇವರದ್ದು ಪುನಃ ತುಂಬಿತಲ್ಲ ಮಾರಾಯ್ರೆ" ಎಂದು ಬೇಸರಪಡುವಳು. ಮಗಳಿಗೆ ಸಂಬಂಧಗಳು ಹೆಚ್ಚು ಬಂದವು ಎಂದು ಕೊರಗುವ ತಾಯಿಯ ದನಿ ಅದು ಎಂದು ಚೆನ್ನುವಿಗೆ ಅನಿಸುತ್ತಿತ್ತು.

ಕಾಯಿಲೆ ಬೇರೆ ಬೇರೆ ಎಂದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಬೋಜಪ್ಪನದ್ದು ಕಿಡ್ನಿಯ ಕಲ್ಲು. ತೆಗೆದಾಗಿತ್ತು, ಇನ್ನು ಚೆನ್ನಾಗಿ ಕುಡಿದು ತೊಳೆದುಕೊಂಡರಾಯಿತು. ತ್ಯಾಂಪಣ್ಣನಿಗೆ ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ ಬಲೂನಿನಂತೆ ಊದಿ, ಒಂದು ಬೆಳಿಗ್ಗೆ ಒಡೆದೇ ಹೋಗಿತ್ತು. ಬೆನ್ನುನೋವೆಂದು ಚೆನ್ನು ತೈಲ ತಿಕ್ಕುತ್ತಿರುವಾಗಲೇ ಮೈ ತಣ್ಣಗಾಗಿ ಕುಸಿದಿದ್ದ. ಮಂಗಳೂರಿಗೆ ಒಯ್ದು, ತುರ್ತಾಗಿ ಹೊಟ್ಟೆ ಕೊಯ್ದು, ಒಡೆದಲ್ಲಿ ಕೃತಕ ನಾಳ ಹೊಲಿದರು. ಜೀವ ಉಳಿಯಿತು, ಆದರೆ ಅಷ್ಟು ಹೊತ್ತು ಸರಿಯಾಗಿ ರಕ್ತ ಸಿಗದ ಕಿಡ್ನಿಗಳು ಮುಷ್ಕರ ಹೂಡಿದವು. ತೈಲ ತಿಕ್ಕುತ್ತ ಕಳೆದ ಹೊತ್ತಿನ ವಿಷಯ ಯಾರೂ ಅವಳ ಎದುರು ಎತ್ತಲಿಲ್ಲ. ಅವಳೂ ಎತ್ತಲಿಲ್ಲ.

ಡಯಾಲಿಸಿಸ್ ಮಾಡಿಸುತ್ತಿರಬೇಕು, ಊರಿಗೆ ಹತ್ತಿರವಾಗುತ್ತದೆ ಎಂದು ಪುತ್ತೂರಿಗೆ ತಂದದ್ದು. ಇಲ್ಲಿಯ ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು: "ಕೆಲವರಿಗೆ ಕಿಡ್ನಿ ಪುನಃ ಕೆಲಸ ಶುರು ಮಾಡ್ತದೆ, ಕೆಲವರಿಗೆ ಇಲ್ಲ. ಕಾಯ್ಬೇಕು. ನೀರು ಅಳತೆಯಲ್ಲೇ ಕೊಡಿ. ಬೊಂಡ ಅಂತ ಎಳನೀರು ಮುಟ್ಟಿಸುದೇ ಬೇಡ. ಅದರಲ್ಲಿ ಪೊಟ್ಯಾಸಿಯಂ ಉಂಟು, ಇವರಿಗೆ ಅದು ಹೊರಗೆ ಹೋಗುದಿಲ್ಲ, ಹೃದಯವೇ ನಿಂತೀತು."

ಮೂತ್ರ ಕಟ್ಟಿದರೆ ಬೊಂಡ ಕುಡಿಸಬೇಕೆಂದು ಅವಳ ಊರು ಕುಂಬ್ರದಲ್ಲಿ ಹಸುಗೂಸಿಗೂ ಗೊತ್ತು. ಇಲ್ಲಿ ನೋಡಿದರೆ ಬರುವವನಿಗೆ ಬೊಂಡ, ಬಾರದವನಿಗೆ ಉಪದೇಶ. ಮೋನಕ್ಕ ದಿನವೂ ಬೊಂಡ ತರಿಸಿ, ಲೋಟಕ್ಕೆ ಬಗ್ಗಿಸಿ, ಗಂಡನ ತಲೆಯೆತ್ತಿ ಕುಡಿಸುತ್ತಿದ್ದಳು. ತ್ಯಾಂಪಣ್ಣ ಒಣಗಿದ ತುಟಿ ಸವರಿಕೊಂಡು ನೋಡುತ್ತಿದ್ದ.

"ಒಂದು ಗುಟುಕು ನನಗೂ ಕೊಡು ಮಾರಾಯ್ತಿ."

"ಡಾಕ್ಟರು ಬೈತಾರೆ."

"ಮೋನಕ್ಕನನ್ನು ನೋಡು. ಗಂಡನನ್ನು ಹೇಗೆ ನೋಡಿಕೊಳ್ತಾರೆ! ಅದಕ್ಕೆಲ್ಲ ಪುಣ್ಯ ಬೇಕು."

ಇಷ್ಟು ವರ್ಷದ ಸಂಸಾರದಲ್ಲಿ ಅವಳ ಕೋರಿರೊಟ್ಟಿಗೆ 'ಅಡ್ಡಿಲ್ಲ' ಎಂಬುದಕ್ಕಿಂತ ದೊಡ್ಡ ಬಿರುದು ಕೊಡದ ಮನುಷ್ಯ! ಚೆನ್ನು ಕಿಟಕಿಯ ಕಡೆ ತಿರುಗಿದಳು. ಅಷ್ಟರಲ್ಲಿ ಮೋನಕ್ಕ ಪಾಪ, ಒಳ್ಳೆಯ ಮನಸ್ಸಿನಿಂದಲೇ, "ಚೆನ್ನಕ್ಕ, ಇದರಲ್ಲಿ ಅರ್ಧ ಲೋಟ ಕೊಡ್ಲಾ? ಇವರು ಕುಡಿದೂ ಉಳೀತದೆ" ಎಂದಳು.

"ಬೇಡ. ನಮ್ಮಲ್ಲೇನೂ ಬೊಂಡಕ್ಕೆ ಗತಿಯಿಲ್ಲದೆ ಇಲ್ಲ."

ಮರುದಿನ ಬೆಳಿಗ್ಗೆ ಸ್ನಾನಕ್ಕೆಂದು ಕುಂಬ್ರಕ್ಕೆ ಹೋದವಳು ಸೀದಾ ಬಾವಿಕಟ್ಟೆಯ ಹತ್ತಿರದ ಗೆಂದಾಳಿ ತೆಂಗಿನ ಮರದ ಬುಡದಲ್ಲಿ ನಿಂತಳು. ಕೆಂಪು ಬೊಂಡದ ಆ ಗೊನೆಯನ್ನು ದೈವದ ತಂಬಿಲ ಪೂಜೆಗೆಂದು ಬಿಟ್ಟಿದ್ದರು. ದೈವಕ್ಕೆ ಕಾಯುವ ತಾಳ್ಮೆ ಉಂಟು ಎಂದುಕೊಂಡು ದೋಟಿ ಎತ್ತಿದಳು.

ಫ್ಲಾಸ್ಕಿನೊಂದಿಗೆ ಅವಳು ಮರಳಿದಾಗ ಮೋನಕ್ಕ ಕ್ಯಾಂಟೀನಿಗೆ ಹೋಗಿದ್ದಳು, ಬೋಜಪ್ಪನಿಗೆ ನಿದ್ದೆ. ತ್ಯಾಂಪಣ್ಣ ಒಂದೇ ಉಸಿರಿಗೆ ಲೋಟ ಬರಿದು ಮಾಡಿ ಕಣ್ಣು ಮುಚ್ಚಿದ.

"ನಮ್ಮ ಗೆಂದಾಳಿ ಅಲ್ವಾ?"

"ಮತ್ತೆಂತ, ಕೋಡಿಂಬಾಳದ್ದಾ?"

"ಬೊಂಡ ಅಂದ್ರೆ ಇದು" ಎಂದ. ಚೆನ್ನು ಇನ್ನೊಂದು ಲೋಟ ಬಗ್ಗಿಸಿದಳು. ಬಹಳ ದಿನಗಳ ಮೇಲೆ ಅವಳಿಗೂ ಹಸಿವಾಯಿತು.

ಸಂಜೆಯ ಹೊತ್ತಿಗೆ ಅವನ ಕೈಕಾಲು ಸೋತು, ಮಾತು ಎಳೆಯತೊಡಗಿತು. ರಕ್ತವನ್ನು ಪರೀಕ್ಷೆಗೆ ಕೊಂಡುಹೋದ ನರ್ಸ್ ಸುಪ್ರಿತಾ ಡಾಕ್ಟರೊಂದಿಗೇ ಓಡಿ ಬಂದಳು. ಎದೆಗೆ ತಂತಿಗಳನ್ನು ಅಂಟಿಸಿ ಇಸಿಜಿ ಪಟ್ಟಿ ನೋಡಿದ ಡಾಕ್ಟರ ಮುಖ ಬಿಗಿಯಿತು.

"ಪೊಟ್ಯಾಸಿಯಂ ತುಂಬ ಏರಿದೆ. ಎಂತ ಕೊಟ್ರಿ ಇವರಿಗೆ?"

ಸುಪ್ರಿತಾಳ ಕಣ್ಣು ಬೋಜಪ್ಪನ ಮಂಚದ ಪಕ್ಕದ ಮೇಜಿನ ಬೊಂಡದ ಮೇಲೆ ಬಿತ್ತು.

"ಮೋನಕ್ಕ, ನೀವು ಕೊಟ್ಟದ್ದಾ? ನಿನ್ನೆ ಅರ್ಧ ಲೋಟ ಕೊಡ್ಲಾ ಅಂತ ಕೇಳ್ತಾ ಇದ್ರಲ್ಲ, ನಾನು ಬಾಗಿಲಲ್ಲಿದ್ದೆ."

"ಅಯ್ಯೋ ದೇವರೇ, ನಾನು ಕೊಡ್ಲಿಲ್ಲ!" ಮೋನಕ್ಕ ಬಿಳಿಚಿಕೊಂಡಳು.

"ಅರ್ಧ ಲೋಟಕ್ಕೇ ಇಷ್ಟಾ?" ಎಂದ ಬೋಜಪ್ಪ ದಿಂಬಿನಿಂದ ತಲೆಯೆತ್ತಿ. ಗಾಬರಿಯ ಅಡಿಯಲ್ಲಿ ಒಂದೆಳೆ ಹೆಮ್ಮೆಯೂ ಇತ್ತು. "ನಮ್ಮ ಬೊಂಡ ಸ್ವಲ್ಪ ಜೋರೇ, ಡಾಕ್ಟ್ರೆ."

ಚೆನ್ನು ಎದ್ದು ನಿಂತಳು.

"ಅವರದ್ದಲ್ಲ! ಅವರದ್ದು ಒಂದು ಹನಿ ಇವರ ಗಂಟಲಿಗೆ ಇಳಿದಿಲ್ಲ. ನಮ್ಮ ಗೆಂದಾಳಿ ಅದು. ಎರಡು ಲೋಟ. ನಾನೇ ಕುಡಿಸಿದ್ದು."

ಡಾಕ್ಟರು ಆಗಲೇ ಇಂಜೆಕ್ಷನ್ ಕೇಳುತ್ತಿದ್ದರು. ಮಂಚದ ಚಕ್ರಗಳ ಬೀಗ ಬಿಚ್ಚಿ ತ್ಯಾಂಪಣ್ಣನನ್ನು ಡಯಾಲಿಸಿಸ್ ಕೋಣೆಗೆ ದೂಡಿಕೊಂಡು ಹೋದರು. ಚೆನ್ನು ಹಿಂದೆಯೇ ಓಡಿದಳು. ಅವಳ ಒಂದು ಚಪ್ಪಲಿ ಬಾಗಿಲಲ್ಲೇ ಉಳಿಯಿತು. ಅದನ್ನು ಮೋನಕ್ಕ ತಂದುಕೊಟ್ಟಳು.

ಪೊಟ್ಯಾಸಿಯಂ ಇಳಿಯಿತು. ಶನಿವಾರ ಬೋಜಪ್ಪ ಮನೆಗೆ ಹೋದ. ತ್ಯಾಂಪಣ್ಣನ ಕಿಡ್ನಿಗಳು ಮಾತ್ರ ಮುಷ್ಕರ ಬಿಡಲಿಲ್ಲ. ಅವನು ಈಗ ವಾರಕ್ಕೆ ಮೂರು ಸಲ ಕುಂಬ್ರದಿಂದ ಪುತ್ತೂರಿಗೆ ಡಯಾಲಿಸಿಸ್‌ಗೆ ಹೋಗುತ್ತಾನೆ.