ಮೇಸ್ತ್ರಿಯ ಬೀಗ

“ಏನಯ್ಯಾ, ನಿಮ್ಮಪ್ಪನ ಮನೆ ಬಸ್ಸಾ ಇದು? ದಿನಾ ನಿನಗೋಸ್ಕರ ಕಾಯ್ತಾ ಕೂರಕ್ಕೆ?”

ಹಾರನ್ ನಿಲ್ಲಲಿಲ್ಲ. ಕಾರ್ಯವೆಲ್ಲ ಮುಗಿದು ನೆಂಟರು ಹೊರಟುಹೋದ ಮೇಲಿನ ಮೊದಲ ಬೆಳಗು. ಬಾಗಿಲಿಗೆ ಬಂದು, ನನ್ನ ಗಂಡ ತೀರಿಕೊಂಡರು ಎಂದೆ. ಕಂಪನಿ ಬಸ್ಸಿನ ಡ್ರೈವರ್ ಹೊಸಬ. ಕೈಯಲ್ಲಿದ್ದ ಪಟ್ಟಿ ನೋಡಿದ, ನನ್ನನ್ನು ನೋಡಿದ.

“ಲಿಸ್ಟಲ್ಲಿ ಇದಾರಲ್ಲಮ್ಮಾ.”

ಕಂಪನಿಯವರು ಒಂದು ಸಹಿಗೆ ಅಂದೇ ಬರಹೇಳಿದ್ದರು. ಚೀಲ ಹಿಡಿದು ಅದೇ ಬಸ್ಸು ಹತ್ತಿದೆ. ಕಿಟಕಿ ಪಕ್ಕದ ಒಂದು ಸೀಟು ಖಾಲಿಯಿತ್ತು.

ಚೀಲದಲ್ಲಿ ಕೀಲಿ ಸಮೇತ ಒಂದು ಹಿತ್ತಾಳೆ ಬೀಗವಿತ್ತು. ನನ್ನ ಗಂಡನ ಕಾರ್ಖಾನೆಯ ಹಳೆಯ ಮೇಸ್ತ್ರಿಯದು. ರಟ್ಟಿನ ಪೆಟ್ಟಿಗೆ ಮಾಡುವ ಈ ಕಾರ್ಖಾನೆ ತಗಡಿನ ಶೆಡ್ಡಾಗಿದ್ದಾಗ ಮೂವತ್ತೇ ಜನ. ಮಾಲೀಕರೂ ಅವರ ಜೊತೆ ಕೂತು ಉಣ್ಣುತ್ತಿದ್ದರಂತೆ. ಮೇಸ್ತ್ರಿಯೂ ಸೇರಿ ಒಬ್ಬೊಬ್ಬರಿಗೂ ಒಂದೊಂದು ಬೀಗ ಕೊಟ್ಟಿದ್ದರು. ಯಂತ್ರದೊಳಗೆ ಕೈ ಹಾಕುವ ಮೊದಲು ಸ್ವಿಚ್ಚನ್ನು ಕೆಳಗೆಳೆದು ಬೀಗ ಜಡಿಯಬೇಕು, ಕೀಲಿ ಜೇಬಿನಲ್ಲಿರಬೇಕು. ಆ ಬೀಗ ತೆಗೆಸಲು ಮಾಲೀಕರಿಗೂ ಹಕ್ಕಿರಲಿಲ್ಲ. ಈಗ ಮೂರು ಸಾವಿರ ಜನ. ಬೀಗಗಳು ಸೂಪರ್‌ವೈಸರನ ಬೀರುವಿನಲ್ಲಿವೆ. ಬೀಗ ಹಾಕಿದರೆ ಕೆಲಸ ನಿಲ್ಲುತ್ತದೆಂದು, ಕೇಳಿದವನ ಹೆಸರು ಸೋಮಾರಿಗಳ ಬೋರ್ಡಿಗೆ ಏರುತ್ತದೆ. ಅದಕ್ಕೇ ಇವರು ಮೇಸ್ತ್ರಿಯ ಬೀಗವನ್ನು ಎರವಲು ಪಡೆದಿದ್ದರು. ಕಳೆದ ತಿಂಗಳು ಗೇಟಿನಲ್ಲಿ ಜೇಬು ತಡಕಿ, ಕಬ್ಬಿಣ ಹಿತ್ತಾಳೆ ಏನೂ ಒಳಗೆ ಬಿಡುವುದಿಲ್ಲವೆಂದು ವಾಪಸು ಕಳಿಸಿದರು. ಅಂದಿನಿಂದ ಅದು ನಮ್ಮ ಅಡುಗೆಮನೆಯ ಗೂಡಿನಲ್ಲಿತ್ತು.

ಗೇಟಿನವನು ನನ್ನ ಕೊರಳಿಗೆ ‘ಅತಿಥಿ’ ಎಂಬ ಚೀಟಿ ಹಾಕಿದ. ಅತಿಥಿಗಳ ಚೀಲ ನೋಡುವುದಿಲ್ಲವಂತೆ.

ಆಫೀಸಿನಲ್ಲಿದ್ದವನು ನನಗಿಂತ ಚಿಕ್ಕವನು. ಇವರ ಹೆಸರು ಅವನಿಗೆ ಗೊತ್ತಿರಲಿಲ್ಲ, ನಂಬರು ಹೇಳಿದ. ಬೀಗ ಹಾಕದೆ ಯಂತ್ರಕ್ಕಿಳಿದದ್ದು ಮೃತರದೇ ತಪ್ಪು ಎಂದು ಸಹಿಗೆ ಮುಂದಿಟ್ಟ ಕಾಗದದಲ್ಲಿತ್ತು.

“ಓದೋಕೇನಿದೆ? ಎಲ್ಲಾ ಹೆಂಗಸರ ಹತ್ರಾನೂ ಹಾಕಿಸ್ಕೊಳ್ಳೋದೇ ಇದು. ಸಹಿ ಬರಲ್ಲ ಅಂದ್ರೆ ಹೆಬ್ಬೆಟ್ಟು ಒತ್ತಿ.”

ಶಾಯಿಯ ಡಬ್ಬಿ ಮುಂದೆ ಸರಿಸಿದ. ನಾನು ಎಂ.ಎ. ಓದಿದವಳು. ಕಾಗದವನ್ನು ಎರಡು ಸಲ ಓದಿ, ಮೇಜಿನ ಮೇಲೇ ಬಿಟ್ಟು ಹೊರಬಂದೆ.

ಬೀಗ ಮರಳಿಸಲು ಒಳಗೆ ಹೋದರೆ, ಮೇಸ್ತ್ರಿ ಇವರು ಸತ್ತ ಯಂತ್ರದ ಬಳಿಯೇ ನಿಂತಿದ್ದರು. ರೋಲರುಗಳ ನಡುವೆ ರಟ್ಟು ಸಿಕ್ಕಿಕೊಂಡಿತ್ತು. ಯಾರೋ ಒಬ್ಬ ಅದನ್ನು ಕೀಳಲು ಸೊಂಟದವರೆಗೆ ಒಳಗೆ ತೂರಿದ್ದ. ಎರಡು ಕಾಲು ಮಾತ್ರ ಕಾಣುತ್ತಿದ್ದವು. ಗುಂಡಿ ಒತ್ತಿ ನಿಲ್ಲಿಸಿದ್ದರು, ಅಷ್ಟೆ. ಆಚೆ ತುದಿಯಲ್ಲಿ ಯಾರು ಒತ್ತಿದರೂ ಓಡುತ್ತಿತ್ತು. ಇವರೂ ಹೀಗೇ ತೂರಿದ್ದರಂತೆ.

ಬೀಗ ಚಾಚಿದೆ. ಮೇಸ್ತ್ರಿ ಮುಟ್ಟಲಿಲ್ಲ.

“ಒಳಗಿಡು ತಾಯಿ. ನೋಡಿದ್ರೆ ನನ್ನ ಆಚೆ ಹಾಕ್ತಾರೆ. ಈ ವಯಸ್ಸಲ್ಲಿ ಯಾವನು ಕೆಲಸ ಕೊಡ್ತಾನೆ?”

ಸ್ವಿಚ್ಚನ್ನು ನಾನೇ ಕೆಳಗೆಳೆದೆ. ಬೀಗ ಜಡಿದೆ. ಸಾಲಿನ ಉಳಿದ ಯಂತ್ರಗಳೂ ಒಂದರ ಹಿಂದೊಂದು ನಿಂತವು. ಸೂಪರ್‌ವೈಸರ್ ಓಡಿ ಬಂದ.

“ಯಾವ ಬೋಳಿಮಗ ಲೈನ್ ನಿಲ್ಸಿದ್ದು? ತೆಗೀರೋ ಆ ಬೀಗಾನ.”

ಕೀಲಿಯನ್ನು ಮೇಸ್ತ್ರಿಯ ಅಂಗೈಯಲ್ಲಿಟ್ಟೆ.

“ನಮ್ಮವರು ನಿಮ್ಮಿಂದ ತಂದಿದ್ದು.”

ಮೇಸ್ತ್ರಿ ಸೂಪರ್‌ವೈಸರನನ್ನು ನೋಡಿದರು. ಯಂತ್ರದಿಂದ ಚಾಚಿದ್ದ ಕಾಲುಗಳನ್ನು ನೋಡಿದರು. ಕೈಗೆ ಅಂಗಿಯ ಜೇಬು ಸಿಗಲು ಸ್ವಲ್ಪ ಹೊತ್ತು ಹಿಡಿಯಿತು. ಕೀಲಿ ಒಳಗೆ ಬಿತ್ತು.